‘ಹೊರಬಂತು’, ‘ಹೊರಹೋಯ್ತು’, ‘ಬಿಟ್ಟಿತು’: ಬ್ರೆಕ್ಸಿಟ್‌ಗೆ ಯಾವ ಮಾತು?

ಸ್ನೇಹಿತರೆ, ನಮಸ್ಕಾರ.

ವ್ಯಾಪಾರಕ್ಕಾಗಿ ಒಟ್ಟು ಸೇರಿದ ದೇಶಗಳ ನಡುವಿನಿಂದ ಒಂದು ದೇಶ ಬೇರೆಯಾದರೆ ಅದನ್ನು ಕನ್ನಡದಲ್ಲಿ ಹೇಗೆ ಹೇಳಬೇಕು? ಯುರೋಪಿನ ದೇಶಗಳ ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹಾಗೆ ಬೇರೆಯಾದದ್ದೇ ಬ್ರೆಕ್ಸಿಟ್. ಅದಕ್ಕೆ ಪತ್ರಿಕೆಗಳಲ್ಲಿ ಜಾಸ್ತಿ ಕಾಣುವುದು ‘ಐರೋಪ್ಯ ಒಕ್ಕೂಟದಿಂದ ಹೊರಬಂದ ಬ್ರಿಟನ್’. ಅಲ್ಲಲ್ಲಿ ‘ಹೊರಹೋದ’, ‘ಹೊರನಡೆದ’, ‘ನಿರ್ಗಮನ’ ಕೂಡ ಸಿಗುತ್ತವೆ. ಯಾವುದು ಹಾಕಿದರೂ ಒಂದೇ ಅನ್ನುವ ಹಾಗೆ ಬಳಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

‘ಬರು’, ‘ಹೋಗು’ ಅನ್ನುವಾಗ ಹೇಳುವವರು ಎಲ್ಲಿ ನಿಂತಿದ್ದಾರೆ ಅನ್ನೋದೂ ಗೊತ್ತಾಗುತ್ತದೆ, ಅಲ್ವಾ? ನಮ್ಮ ಪಕ್ಕದ ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಆ ತಾಲ್ಲೂಕು ಬಳ್ಳಾರಿಯಿಂದ ನಮಗೆ ‘ಬಂತು’. ಆಮೇಲೆ ವಾಪಸ್ ಬಳ್ಳಾರಿಗೆ ‘ಹೋಯ್ತು’. ಈಗ ವಿಜಯನಗರ ಜಿಲ್ಲೆಯಲ್ಲಿದೆ. ಇದು ದಾವಣಗೆರೆಯವರ ಮಾತು. ಬಳ್ಳಾರಿಯವರು ಎರಡನ್ನೂ ತಿರುಗಿಸಿ ಹೇಳುತ್ತಾರೆ.

ಹಾಗಾಗಿ ‘ಹೊರಬಂತು’ ಅಂದವರು ಆಗಲೇ ಹೊರಗೆ ನಿಂತಿದ್ದಾರೆ. ಅಷ್ಟೇ ಅಲ್ಲ. ನಾವು ಯಾವುದರಿಂದ ಹೊರಬರುತ್ತೇವೆ? ಜೈಲಿನಿಂದ, ಸಾಲದಿಂದ, ಚಟದಿಂದ, ದುಃಖದಿಂದ. ಸಿಕ್ಕಿಬಿದ್ದವರು ಪಾರಾದ ನೆಮ್ಮದಿ ಆ ಮಾತಿಗೆ ಅಂಟಿಕೊಂಡಿದೆ. ಬ್ರಿಟನ್ನಿನಲ್ಲಿ ಬೇರೆಯಾಗಲೇಬೇಕು ಅಂದವರಿಗೆ ಇದು ಹೇಳಿ ಮಾಡಿಸಿದ ಪದ. ‘ಹೊರಹೋಯ್ತು’ ಅಂದರೆ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲಿ ಕೂತು ಬಾಗಿಲ ಕಡೆ ನೋಡಿದ ಹಾಗೆ. ಇನ್ನು ‘ಹೊರನಡೆ’ ಅಂತೂ ಸಿಟ್ಟಿನಿಂದ ಸಭೆ ಬಿಟ್ಟು ಎದ್ದು ಹೋಗುವುದು. ಬ್ರಿಟನ್ ಹಾಗೆ ಹೋಗಲಿಲ್ಲ. 2017ರ ಮಾರ್ಚ್ 29ಕ್ಕೆ ಒಕ್ಕೂಟ ಬಿಡುತ್ತೇವೆ ಅಂತ ನೋಟಿಸ್ ಕೊಟ್ಟಿತು, 2020ರ ಜನವರಿ 31ಕ್ಕೆ ಸದಸ್ಯತ್ವ ಮುಗಿಯಿತು, ಆ ವರ್ಷದ ಕೊನೆಯವರೆಗೂ ಹಳೇ ನಿಯಮಗಳೇ ನಡೆದವು. ಇಷ್ಟು ಮಾತುಕತೆ ಆದ ಮೇಲೆ ‘ಹೊರನಡೆ’ ಹೊಂದುವುದಿಲ್ಲ.

ಈ ಪ್ರಶ್ನೆ ಎದ್ದದ್ದು ಇಲ್ಲೇ ದಾವಣಗೆರೆಯ ಒಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ. ‘ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದದ್ದು ಸರಿ’ ಅಂತ ವಿಷಯ. ವಿರೋಧವಾಗಿ ಮಾತಾಡಬೇಕಿದ್ದ ಹುಡುಗಿ ಶುರು ಮಾಡುವ ಮುಂಚೆಯೇ ಹೇಳಿದಳು: “ಸರ್, ವಿಷಯದಾಗೇ ಅರ್ಧ ತೀರ್ಪು ಕೊಟ್ಟಂಗೈತಲ್ಲ ಸರ್.” ಪರವಾಗಿ ಮಾತಾಡುವ ಹುಡುಗ, “ಹಂಗಾರೆ ‘ಬಿಟ್ಟಿದ್ದು’ ಅಂತ ಹಾಕ್ರಿ, ನನಗೇನೂ ತೊಂದ್ರಿ ಇಲ್ಲ” ಅಂದ. ಇಬ್ಬರೂ ಒಪ್ಪಿದ ಮಾತು ಅದೊಂದೇ. ಆ ಹುಡುಗಿಯ ಕಿವಿ ನನಗೆ ತುಂಬಾ ಇಷ್ಟವಾಯಿತು.

ಯಾಕೆಂದರೆ ಬ್ರಿಟನ್ನಿನವರೂ ಇದೇ ವಿಚಾರಕ್ಕೆ ತಲೆ ಕೆಡಿಸಿಕೊಂಡಿದ್ದರು. ಒಕ್ಕೂಟದಲ್ಲಿ ಇರಬೇಕೋ ಬೇಡವೋ ಅಂತ ಜನರ ಮತ ಕೇಳುವಾಗ ‘ಸದಸ್ಯನಾಗಿ ಉಳಿಯಬೇಕೆ?’ ಅಂತ ಕೇಳಿ ಹೌದು-ಇಲ್ಲ ಬರೆಸುವುದು ಅಲ್ಲಿನ ಸರ್ಕಾರದ ಮೊದಲ ಯೋಚನೆ. ಬರೀ ‘ಉಳಿ’ ಅನ್ನೋ ಮಾತಿದ್ದರೆ ಪ್ರಶ್ನೆ ಒಂದು ಕಡೆಗೆ ವಾಲುತ್ತದೆ ಅಂತ 2015ರಲ್ಲಿ ಅಲ್ಲಿನ ಚುನಾವಣಾ ಆಯೋಗ ಹೇಳಿತು. ಕೊನೆಗೆ 2016ರ ಜೂನ್ 23ರ ಮತಪತ್ರದಲ್ಲಿ ‘ಉಳಿಯಬೇಕು’, ‘ಬಿಡಬೇಕು’ ಎರಡೂ ಪಕ್ಕಪಕ್ಕ ಬಂದವು. ಬಿಡಬೇಕು ಅಂದವರು ಶೇ 51.9, ಉಳಿಯಬೇಕು ಅಂದವರು ಶೇ 48.1. ಇಷ್ಟು ಹತ್ತಿರದ ಜಗಳ ಇದು. 1975ರಲ್ಲಿ ಇದೇ ತರಹ ಜನರನ್ನು ಕೇಳಿದಾಗ ಪ್ರಶ್ನೆ ಹೌದು-ಇಲ್ಲ ರೂಪದಲ್ಲೇ ಇತ್ತು. ಆಗ ಶೇ 67ರಷ್ಟು ಜನ ಇರೋಣ ಅಂದಿದ್ದರು.

ಹಾಗಾಗಿ ನನ್ನ ಓಟು ‘ಬಿಡು’ವಿಗೆ. ‘ಒಕ್ಕೂಟ ಬಿಟ್ಟಿತು’. ಡೇರಿಗೆ ಹಾಲು ಹಾಕುವುದು ಬಿಟ್ಟ, ಕೆಲಸ ಬಿಟ್ಟ, ಊರು ಬಿಟ್ಟ ಅನ್ನುತ್ತೇವಲ್ಲ, ಅಲ್ಲಿ ಸರಿ-ತಪ್ಪು ಆಮೇಲೆ ಬರುವ ಮಾತು. ಆದರೆ ಅದಕ್ಕೆ ಏನನ್ನೂ ಸೇರಿಸಬಾರದು. ‘ಕೈಬಿಟ್ಟಿತು’ ಅಂದರೆ ದೂರು ಆಗುತ್ತದೆ, ‘ಬಿಡುಗಡೆ’ ಅಂದರೆ ಹಬ್ಬ ಆಗುತ್ತದೆ.

‘ಜನಾದೇಶ’ವೂ ಹೀಗೇ. ಆ ಮತದಾನ ಕಾನೂನಿನ ಪ್ರಕಾರ ಸಲಹೆ ಮಾತ್ರ. ನೋಟಿಸ್ ಕೊಡಲು ಸಂಸತ್ತಿನ ಒಪ್ಪಿಗೆ ಬೇಕೇ ಬೇಕು ಅಂತ 2017ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅದು ಸಲಹೆಯೋ ಆದೇಶವೋ ಅನ್ನುವುದೇ ಜಗಳ ಆಗಿರುವಾಗ ನಾವು ‘ಜನಾದೇಶ’ ಅಂತ ಬರೆದರೆ ನಾವೇ ತೀರ್ಪು ಕೊಟ್ಟ ಹಾಗೆ. ‘ಜನಮತ’ ಸಾಕು.

ಈಗ ನನಗೆ ನಿಜವಾಗಿ ಕಷ್ಟ ಕೊಡುತ್ತಿರುವ ಪದಕ್ಕೆ ಬರುತ್ತೇನೆ: ‘ಒಕ್ಕೂಟ’. ಒಕ್ಕೊರಲು ಇದ್ದ ಹಾಗೆ ಒಕ್ಕೂಟ, ಒಳ್ಳೇ ಪದ. ಆದರೆ ಭಾರತ ರಾಜ್ಯಗಳ ಒಕ್ಕೂಟ. ನಮ್ಮ ಹಾಲಿನದೂ ಒಕ್ಕೂಟ. ಯುರೋಪಿನದೂ ಒಕ್ಕೂಟ. ಹೊರಗಿನ ಸರಕಿಗೆ ಎಲ್ಲರೂ ಒಂದೇ ಸುಂಕ ಹಾಕುವ ಏರ್ಪಾಡಿಗೂ ‘ಸುಂಕ ಒಕ್ಕೂಟ’ ಅಂತಾರೆ. ಬ್ರಿಟನ್ನಿನ ವಾದದ ಗಂಟು ಇದ್ದದ್ದು ಇಲ್ಲೇ. ಐರೋಪ್ಯ ಒಕ್ಕೂಟ ಬಿಟ್ಟರೂ ಸುಂಕದ ಏರ್ಪಾಡಿನಲ್ಲಿ ಇರೋಣ ಅಂದವರು ಬಹಳ ಜನ. ಟರ್ಕಿ ಒಕ್ಕೂಟದ ಸದಸ್ಯ ಅಲ್ಲ, ಆದರೂ ಹೆಚ್ಚಿನ ಸರಕುಗಳಿಗೆ ಆ ಸುಂಕದ ಏರ್ಪಾಡಿನಲ್ಲಿದೆ. ನಾರ್ವೆ ಸುಂಕದ ಏರ್ಪಾಡಿನಲ್ಲಿಲ್ಲ, ಆದರೆ ಒಕ್ಕೂಟದ ‘ಏಕ ಮಾರುಕಟ್ಟೆ’ಯ, ಅಂದರೆ ಎಲ್ಲ ದೇಶಗಳಲ್ಲೂ ಒಂದೇ ನಿಯಮದಲ್ಲಿ ವ್ಯಾಪಾರ ನಡೆಯುವ ಏರ್ಪಾಡಿನ, ಒಳಗಿದೆ. ಇದನ್ನು ಕನ್ನಡದಲ್ಲಿ ಬರೆಯಲು ಹೋದರೆ ‘ಒಕ್ಕೂಟ ಬಿಟ್ಟು ಒಕ್ಕೂಟದಲ್ಲೇ ಉಳಿಯುವುದು’ ಅಂತಾಗಿ ಓದುವವರಿಗೆ ದಿಕ್ಕೇ ತೋಚುವುದಿಲ್ಲ. ‘ಸುಂಕದ ಕೂಟ’, ‘ವ್ಯಾಪಾರ ಕೂಟ’ ಅಂದರೆ ಹೇಗೆ? ಮೈತ್ರಿಕೂಟ ಅಂತ ದಿನಾ ಓದುತ್ತೇವೆ, ‘ಕೂಟ’ ಯಾರಿಗೂ ಹೊಸದಲ್ಲ.

2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಆರ್‌ಸಿಇಪಿ ಅನ್ನುವ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದಕ್ಕೆ ಸೇರುವುದಿಲ್ಲ ಅಂದಾಗಲೂ ‘ಹೊರಬಂದ ಭಾರತ’ ಅಂತ ಓದಿದೆವು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ನಮ್ಮ ಹಾಲಿಗೆ ಬೆಲೆ ಬೀಳುತ್ತದೆ ಅನ್ನುವ ಭಯ ಹಾಲು ಹಾಕುವವರಿಗೆ ಇತ್ತು, ಅದು ನ್ಯಾಯವಾದದ್ದೇ. ಆದರೆ ನಾವು ಒಳಗೆ ಹೋಗಿರಲೇ ಇಲ್ಲವಲ್ಲ! ಮಾತುಕತೆಯಿಂದ ಹೊರಬಂದೆವು ಅನ್ನಬಹುದು. ಕೂಟದಿಂದ ಅಲ್ಲ. ಅದಕ್ಕೆ ‘ಹೊರಗುಳಿಯಿತು’ ಅನ್ನೋ ಸರಿಯಾದ ಪದ ಕೈಯಲ್ಲೇ ಇದೆ.

ಬಲ್ಲವರಲ್ಲಿ ಎರಡು ವಿಷಯ ಕೇಳಬೇಕು. ಬ್ರಿಟನ್ನಿನ ಭಾಗವಾದ ಸ್ಕಾಟ್ಲೆಂಡಿನಲ್ಲಿ ಶೇ 62ರಷ್ಟು ಜನ ಉಳಿಯೋಣ ಅಂದಿದ್ದರು. ಆದರೂ ದೇಶದ ಜೊತೆ ಅವರೂ ಹೋಗಬೇಕಾಯಿತು. ಅವರ ಮಟ್ಟಿಗೆ ‘ಬಿಟ್ಟರು’ ಅನ್ನುವುದು ಸುಳ್ಳು. ‘ಬಿಡಿಸಿದರು’ ಅಂದರೆ ಪಾರು ಮಾಡಿದರು ಅಂತಲೂ ಆಗಿಬಿಡುತ್ತದೆ. ಇಷ್ಟವಿಲ್ಲದೆ ಬಿಡಬೇಕಾಗಿ ಬಂದದ್ದಕ್ಕೆ ಚಿತ್ರದುರ್ಗ, ಚಳ್ಳಕೆರೆ ಕಡೆ ಒಂದೇ ಪದದಲ್ಲಿ ಹೇಳುವ ರೂಢಿ ಇದೆಯೇ? ಎರಡನೆಯ ಪ್ರಶ್ನೆ ‘ಉತ್ತರ ಐರ್ಲೆಂಡ್’ ಪ್ರದೇಶದ್ದು. ಅದು ಬ್ರಿಟನ್ ಜೊತೆಗೇ ಒಕ್ಕೂಟ ಬಿಟ್ಟಿದೆ, ಆದರೆ ಸರಕು ಸಾಗಣೆಯಲ್ಲಿ ಯುರೋಪಿನ ಎಷ್ಟೋ ನಿಯಮಗಳು ಅಲ್ಲಿ ಈಗಲೂ ನಡೆಯುತ್ತಿವೆ. ಅದನ್ನು ‘ಬಿಟ್ಟ’ ಜಾಗ ಅನ್ನೋಣವೋ, ‘ಉಳಿದ’ ಜಾಗ ಅನ್ನೋಣವೋ?