ಉತ್ತರ 1/√2 ಅಂತ ಬಿಟ್ಟರೆ ಮಾರ್ಕ್ಸ್ ಕಟ್ ಮಾಡಬೇಕಾ?

ಒಂಬತ್ತನೇ ಕ್ಲಾಸಿನ ಅಪ್ಪ: ಮಗಳ ಟೆಸ್ಟ್ ಪೇಪರ್ ನೋಡಿದೆ. ಕರ್ಣ 1 ಸೆಂ.ಮೀ. ಇರುವ ಚೌಕದ ಬಾಹು ಎಷ್ಟು ಅಂತ ಪ್ರಶ್ನೆ. 1/√2 ಬರೆದಿದ್ದಾಳೆ. ಅರ್ಧ ಮಾರ್ಕ್ಸ್ ಕಟ್! ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಛೇದ ಅಕರಣೀಕರಿಸಿಲ್ಲ", ಅಂದರೆ ಕೆಳಗಿನ √ ತೆಗೆದಿಲ್ಲ ಅಂತ. √2/2 ಬರೆದರೂ ಬೆಲೆ ಅದೇ ಅಲ್ವಾ? ಇದನ್ನು ಕಲಿಸೋದೇ ದಂಡ.

ಹಳೇ ಮೇಷ್ಟ್ರು: ದಂಡ ಅಂದ್ರಲ್ಲ, √2ರ ಬೆಲೆ ಸುಮಾರು 1.4142. ಪೆನ್ನು ಹಿಡಿದು 1ನ್ನು 1.4142ರಿಂದ ಭಾಗಿಸಿ ನೋಡಿ. ಆಮೇಲೆ 1.4142ನ್ನು 2ರಿಂದ ಭಾಗಿಸಿ. ಎರಡನೆಯದು ಬಾಯಲ್ಲೇ ಬರುತ್ತದೆ, 0.7071.

ಕೋಡ್ ಬರೆಯುವವ: ಪೆನ್ನು ಹಿಡಿದು ಈಗ ಯಾರು ಭಾಗಿಸ್ತಾರೆ ಸಾರ್? ಕಂಪ್ಯೂಟರಲ್ಲಿ ಕೆಲವು ಸಲ ಇದು ಉಲ್ಟಾ. 1/(√10001 + √10000) ತಗೊಳ್ಳಿ. ಅಕರಣೀಕರಿಸಿದರೆ √10001 − √10000. ನಾಲ್ಕು ಅಂಕಿಗೆ ಸುತ್ತಿದರೆ 100.0 − 100.0, ಅಂದರೆ ಸೊನ್ನೆ. ಸುಮ್ನೆ ಹಾಗೇ ಬಿಟ್ಟಿದ್ದರೆ 1/200, ಅಂದರೆ 0.005. ಅದೇ ಸರಿಯಾದ ಉತ್ತರ.

ಪಿಯು ಲೆಕ್ಚರರ್: ಉಲ್ಟಾ ಮಾಡೋಕೂ ಅದೇ ವಿದ್ಯೆ ಬೇಕಲ್ಲ! ಅಂಶದಲ್ಲಿ √(1+ಎಕ್ಸ್) − 1, ಛೇದದಲ್ಲಿ ಎಕ್ಸ್. ಎಕ್ಸ್ ಸೊನ್ನೆಯತ್ತ ಹೋದಾಗ ಬೆಲೆ ಎಷ್ಟು? ನೇರವಾಗಿ ಹಾಕಿದರೆ 0/0. ಮೇಲೂ ಕೆಳಗೂ √(1+ಎಕ್ಸ್) + 1ರಿಂದ ಗುಣಿಸಿದರೆ ಎಕ್ಸ್ ಹೊಡೆದುಹೋಗಿ 1/2 ಬರುತ್ತದೆ. ಹೈಸ್ಕೂಲಲ್ಲಿ ಕೈ ಪಳಗದಿದ್ದವರು ಇಲ್ಲಿ ಒದ್ದಾಡ್ತಾರೆ. ಹೀಗೆ ಕರಣಿಯ, ಅಂದರೆ √ ಇರುವ ಪದದ, ಚಿಹ್ನೆ ಬದಲಿಸಿ ಗುಣಿಸುವುದನ್ನು ನಮ್ಮ ವಿಜಯಪುರದ ಭಾಸ್ಕರಾಚಾರ್ಯರು 12ನೇ ಶತಮಾನದಲ್ಲೇ 'ಬೀಜಗಣಿತ'ದಲ್ಲಿ ಹೇಳಿಕೊಟ್ಟಿದ್ದಾರೆ.

ಶಾಸನಪ್ರಿಯ: ವಿಜಯಪುರದವರು ಅಂತ ಯಾರು ಹೇಳಿದ್ದು? ತಮ್ಮ ಊರು ಸಹ್ಯಾದ್ರಿಗೆ ಸೇರಿದ ವಿಜ್ಜಡವಿಡ ಅಂತ ಅವರೇ 'ಸಿದ್ಧಾಂತ ಶಿರೋಮಣಿ'ಯಲ್ಲಿ ಬರೆದುಕೊಂಡಿದ್ದಾರೆ. ಮೊಮ್ಮಗ ಚಾಂಗದೇವ ಕಟ್ಟಿಸಿದ ಮಠದ 1207ರ ಶಾಸನ ಇರೋದು ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣದಲ್ಲಿ.

ಗುಮ್ಮಟದ ಊರಿನವ: ಮೊಮ್ಮಗ ಎಲ್ಲೋ ಮಠ ಕಟ್ಟಿಸಿದರೆ ತಾತ ಅಲ್ಲೇ ಹುಟ್ಟಿದ ಅಂತಾನಾ? ಎಂಥ ವಾದ ರೀ ಇದು! ಅವರ ಊರು ಅಂತ ನಾವು ಸಣ್ಣವರಿದ್ದಾಗಿಂದ ನಮ್ಮ ಜಿಲ್ಲೆಯ ಬಿಜ್ಜರಗಿ ಹೆಸರು ಕೇಳ್ತಾ ಬಂದಿದ್ದೇವೆ.

ಶಾಸನಪ್ರಿಯ: ಕೇಳ್ತಾ ಬಂದದ್ದು ದಾಖಲೆ ಆಗಲ್ಲ. ನಿಮ್ಮ ಬಯಲುಸೀಮೆಯಲ್ಲಿ ಸಹ್ಯಾದ್ರಿ ಎಲ್ಲಿದೆ, ತೋರಿಸಿ.

ಗುಮ್ಮಟದ ಊರಿನವ: ಬಯಲುಸೀಮೆ ಅಂತ ಹೀಯಾಳಿಸಬೇಡಿ. ನಮ್ಮವರನ್ನು ಬಿಟ್ಟುಕೊಡೋದು ನಮಗೇ ಚಾಳಿ ಆಗಿದೆ.

ಪಿಯು ಲೆಕ್ಚರರ್: ಎಲ್ಲಿ ಹುಟ್ಟಿದರೇನು, ವಿಧಾನ ಅವರ ಪುಸ್ತಕದಲ್ಲಿದೆ.

ಶಾಸನಪ್ರಿಯ: "ನಮ್ಮ ವಿಜಯಪುರದ" ಅಂತ ಶುರು ಮಾಡಿದ್ದು ನೀವೇ.

ಒಂಬತ್ತನೇ ಕ್ಲಾಸಿನ ಅಪ್ಪ: ನನ್ನ ಮಗಳ ಅರ್ಧ ಮಾರ್ಕ್ಸ್ ಬಿಟ್ಟು ಎಲ್ಲಿಗೆ ಹೋದ್ರಿ? ಎನ್‌ಸಿಇಆರ್‌ಟಿಯ 10ನೇ ಕ್ಲಾಸಿನ ಗಣಿತ ಪುಸ್ತಕ ತೆಗೀರಿ. ತ್ರಿಕೋನಮಿತಿ ಕೋಷ್ಟಕದಲ್ಲಿ ಸೈನ್ 45 ಡಿಗ್ರಿಗೆ 1/√2, ಟ್ಯಾನ್ 30ಕ್ಕೆ 1/√3. ಅಲ್ಲಿ ಯಾರು ಕಟ್ ಮಾಡ್ತಾರೆ?

ಹಳೇ ಮೇಷ್ಟ್ರು: ಕೋಷ್ಟಕ ಇರೋದು ನೆನಪಿಡಲು. ಅದೇ ಎನ್‌ಸಿಇಆರ್‌ಟಿಯ 9ನೇ ಕ್ಲಾಸಿನ ಪುಸ್ತಕದಲ್ಲಿ, ಸಂಖ್ಯಾ ಪದ್ಧತಿ ಪಾಠದಲ್ಲಿ, ಛೇದ ಅಕರಣೀಕರಿಸುವ ಲೆಕ್ಕಗಳಿವೆ.

ಒಂಬತ್ತನೇ ಕ್ಲಾಸಿನ ಅಪ್ಪ: ಅಲ್ಲಿ "ಅಕರಣೀಕರಿಸಿ" ಅಂತ ಕೇಳಿ ಕೊಟ್ಟಿದ್ದಾರೆ. ನನ್ನ ಮಗಳಿಗೆ ಕೇಳಿದ್ದು ಬಾಹು ಎಷ್ಟು ಅಂತ ಮಾತ್ರ.

ಹಳೇ ಮೇಷ್ಟ್ರು: ಮಾತ್ರ ಅಂದ್ರೆ? 4/8 ಬಂದರೆ 1/2 ಮಾಡು ಅಂತ ಪ್ರತಿ ಪ್ರಶ್ನೆಯಲ್ಲೂ ಬರೀತಾರಾ?

ಕೋಡ್ ಬರೆಯುವವ: 4/8ರಲ್ಲಿ ಅಂಕಿ ಚಿಕ್ಕದಾಗುತ್ತೆ ಸಾರ್. 1/√2ರಿಂದ √2/2ಕ್ಕೆ ಹೋದರೆ ಏನು ಚಿಕ್ಕದಾಯ್ತು?

ಗುಮ್ಮಟದ ಊರಿನವ: ಶಾಸನಪ್ರಿಯ ಅವರೇ, ಶಾಸನದಲ್ಲಿ ಭಾಸ್ಕರರು ಪಾಟಣದಲ್ಲಿ ಹುಟ್ಟಿದರು ಅಂತ ಇದೆಯಾ? ಆ ಸಾಲು ಹಾಕಿ.