ಪೊಲೀಸ್ ಜೀಪಿನ ಮೇಲಿನದ್ದೂ ‘ಗೂಟ’ವೇ?

ಕಲಬುರಗಿಯ ಗೆಳೆಯರೊಬ್ಬರು ಗುಜರಿ ಅಂಗಡಿಗಳಲ್ಲಿ ಹುಡುಕಿ, ಹಳೆಯ ಪೊಲೀಸ್ ಗಾಡಿಗಳ ಮೇಲಿನ ಲೈಟುಗಳನ್ನು ಕೂಡಿಹಾಕಿದ್ದಾರೆ. ಒಂದೊಂದಕ್ಕೂ ಕನ್ನಡದಲ್ಲಿ ಚೀಟಿ ಅಂಟಿಸಬೇಕಂತೆ. ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ.

ಮೊದಲು ಹೊಳೆಯೋದು ‘ಗೂಟ’. ದನ ಕಟ್ಟುವ ಗೂಟ ಕಾರಿನ ನೆತ್ತಿಗೆ ಏರಿ ‘ಗೂಟದ ಕಾರು’ ಆಯಿತು. 2017ರ ಮೇ 1ರಿಂದ ಮಂತ್ರಿಗಳ ಕಾರಿನ ಕೆಂಪು ದೀಪ ಇಳಿಯಿತು, ಮಾತು ಮಾತ್ರ ಇಳಿಯಲಿಲ್ಲ. ಯಾರಿಗೆ ಗೂಟದ ಕಾರು ಸಿಗುತ್ತೆ ಅಂತ ಈಗಲೂ ಕೇಳ್ತಾರೆ ಅಲ್ವಾ? ಅಲ್ಲಿ ಗೂಟ ಅಂದರೆ ಕುರ್ಚಿ, ಅಧಿಕಾರ. ‘ಪೊಲೀಸ್ ಜೀಪಿನ ಗೂಟ’ ಅಂತ ಬರೆದರೆ ಓದುವವರು ನಗ್ತಾರೇನೋ. ಉರ್ದು ಮಾತಿನ ‘ಲಾಲ್ ಬತ್ತಿ’ಯೂ (ಕೆಂಪು ದೀಪ) ನಮ್ಮ ಕಡೆ ಇದೆ. ಆದರೆ ಈ ರಾಶಿಯಲ್ಲಿ ನೀಲಿಯವೂ ಇವೆ.

ಇನ್ನು ‘ತಿರುಗುವ ಲೈಟು’. ಇದನ್ನೇ ಎಲ್ಲದಕ್ಕೂ ಹೇಳ್ತಾರೆ. ಒಳಗೆ ನೋಡಿದರೆ ಕಥೆ ಬೇರೆ. ಒಂದು ಬಗೆಯಲ್ಲಿ ಬಲ್ಬು ಅಲ್ಲಾಡೋದೇ ಇಲ್ಲ. ಅದರ ಸುತ್ತ ಬಟ್ಟಲಿನಂಥ ಕನ್ನಡಿಯನ್ನು ಸಣ್ಣ ಮೋಟಾರು ತಿರುಗಿಸುತ್ತೆ. ಇನ್ನೊಂದರಲ್ಲಿ ಕನ್ನಡಿ, ಬಲ್ಬು, ಮುಂದಿನ ಗಾಜು ಎಲ್ಲ ಒಂದೇ ಆಗಿರುವ ಸೀಲ್ಡ್ ಬೀಮ್ ದೀಪಗಳೇ ತಟ್ಟೆಯ ಮೇಲೆ ಸುತ್ತುತ್ತವೆ. ಸುತ್ತುವಾಗಲೂ ಅವಕ್ಕೆ ಕರೆಂಟು ಮುಟ್ಟಿಸಲು ತಾಗಿಕೊಂಡೇ ಇರುವ ಕಾರ್ಬನ್ ಬ್ರಷ್ ಬೇಕು. ಅಮೆರಿಕದಲ್ಲಿ ಫೆಡರಲ್ ಕಂಪನಿ 1948ರಲ್ಲಿ ತಂದ ‘ಬೀಕನ್ ರೇ’ ಈ ಎರಡನೇ ಜಾತಿಯದು. ದೀಪದ ಹಿಂದೆ ‘ಪಾರ್ 46’ ಅಂತ ಇದ್ದರೆ ಅದು ಅಳತೆ: ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ 46, ಅಂದರೆ ಐದೂಮುಕ್ಕಾಲು ಇಂಚು ಅಗಲ.

ಮೂರನೆಯದು ತಿರುಗೋದೇ ಇಲ್ಲ, ಸುಮ್ನೆ ಹತ್ತಿ ಆರುತ್ತೆ. ನಾಲ್ಕನೆಯದರಲ್ಲಿ ಬಲ್ಬಿನ ತಂತಿಯೂ ಇಲ್ಲ. ಜೆನಾನ್ ಅನಿಲ ತುಂಬಿದ ಗಾಜಿನ ಕೊಳವೆ ಚಕ್ಕನೆ ಮಿಂಚುತ್ತೆ. ದೂರದಿಂದ ಕಣ್ಣಿಗೆ ಎಲ್ಲವೂ ಮಿಣುಕಿದ ಹಾಗೇ ಕಾಣೋದು. ಗೋಡೆಯ ಪಕ್ಕ ಹಚ್ಚಿ ನೋಡಿದರೆ ಗುಟ್ಟು ಬಯಲು. ತಿರುಗುವುದಾದರೆ ಬೆಳಕು ಗೋಡೆ ಗುಡಿಸುತ್ತಾ ಹೋಗುತ್ತೆ. ಮಿಣುಕುವುದಾದರೆ ಎಲ್ಲ ಕಡೆ ಒಮ್ಮೆಗೇ ಹತ್ತುತ್ತೆ. ಹಚ್ಚುವ ಮುಂಚೆ 12 ವೋಲ್ಟೋ 24 ವೋಲ್ಟೋ ನೋಡಿಕೊಳ್ಳಿ, 12ರ ಬಲ್ಬು 24ಕ್ಕೆ ಸುಟ್ಟುಹೋಗುತ್ತೆ.

ಬಣ್ಣದಿಂದ ಗುರುತಿಸೋಣ ಅಂದರೆ ಅದೂ ನಂಬಿಕೆಗೆ ಬಾರದು. ಮೇಲಿನ ಮುಚ್ಚಳ ಬದಲಿಸಿದರೆ ಕೆಂಪು ನೀಲಿಯಾಗುತ್ತೆ. ಅಂದಹಾಗೆ ಆ ಮುಚ್ಚಳ ಪ್ಲಾಸ್ಟಿಕ್ಕಿನದಾದರೂ ಮೆಕ್ಯಾನಿಕ್ ಅದನ್ನು ‘ಗ್ಲಾಸ್’ ಅಂತಲೇ ಕರೀತಾನೆ. ಚೀಟಿಯಲ್ಲಿ ಅದನ್ನೇ ಇಡ್ತೀನಿ, ‘ಗುಮ್ಮಟ’ ಅಂತ ಬರೆದರೆ ಬಿಡಿಭಾಗ ಕೇಳಲು ಹೋದವರಿಗೆ ಏನೂ ಸಿಗಲ್ಲ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ಕನ್ನಡಿ ಅಥವಾ ದೀಪ ತಿರುಗುವುದಕ್ಕೆ ‘ಸುತ್ತುದೀಪ’, ಹತ್ತಿ ಆರುವುದಕ್ಕೆ ‘ಮಿಣುಕುದೀಪ’, ಕೊಳವೆಯದಕ್ಕೆ ‘ಮಿಂಚುದೀಪ’. ಗಾಡಿಯ ಚಾವಣಿಗೆ ಅಡ್ಡಲಾಗಿ ಕೂರುವ ಲೈಟ್ ಬಾರ್ ಹಾಗೇ ಲೈಟ್ ಬಾರ್. ‘ಪರಿಭ್ರಮಣ ದೀಪ’ ಅಂತ ದಯವಿಟ್ಟು ಯಾರೂ ಸೂಚಿಸಬೇಡಿ.

ನನಗೆ ಬೇಕಿರೋದು ಬಳಕೆಯಲ್ಲಿದ್ದ ಮಾತು. ಬೀದರ್, ಯಾದಗಿರಿ ಕಡೆ ಜೀಪು ಓಡಿಸಿದ ಹಳೆಯ ಡ್ರೈವರುಗಳು, ವೈರಿಂಗ್ ಮಾಡಿದವರು ಈ ಲೈಟುಗಳಿಗೆ ಏನಂತಿದ್ದರು? ಪೊಲೀಸ್ ಗಾಡಿಗೂ ‘ಗೂಟ’ ಅಂದದ್ದನ್ನು ಯಾರಾದರೂ ಕಿವಿಯಾರೆ ಕೇಳಿದ್ದರೆ, ಯಾವ ಊರಲ್ಲಿ ಅನ್ನೋದನ್ನೂ ಸೇರಿಸಿ ತಿಳಿಸಿ.