ಯಹೂದಿ ಮದುವೆಯಲ್ಲಿ ನಮ್ಮ ಮನೆಯವರು ಏನೇನು ಮಾಡಬಹುದು?

ಪ್ರಶ್ನೆ: ಮಗಳ ಮದುವೆ ನ್ಯೂಜೆರ್ಸಿಯಲ್ಲಿ, ಹುಡುಗ ಯಹೂದಿ. ನಮ್ಮ ಶಾಸ್ತ್ರ ಹಿಂದಿನ ದಿನವೇ ಮುಗಿಯುತ್ತದೆ. ಮರುದಿನ ಅವರ ಪದ್ಧತಿಯ ಮದುವೆಯಲ್ಲಿ ನಾವು ಸುಮ್ನೆ ಕೂತು ನೋಡುವಂತಾಗಬಾರದು ಅಂತ ಆಸೆ. ಅನುಭವ ಇದ್ದವರು ಹೇಳಿ.

ಉತ್ತರ: ಏನೇ ಮಾಡುವುದಿದ್ದರೂ ಮೊದಲು ರಬ್ಬಿಯನ್ನು, ಅಂದರೆ ಅವರ ಧರ್ಮಗುರುವನ್ನು, ಕೇಳಿ. ಯಹೂದಿಗಳಲ್ಲಿ ಆರ್ಥೊಡಾಕ್ಸ್, ಕನ್ಸರ್ವೇಟಿವ್, ರಿಫಾರ್ಮ್ ಅಂತ ಪಂಗಡಗಳಿವೆ. ಆರ್ಥೊಡಾಕ್ಸ್, ಕನ್ಸರ್ವೇಟಿವ್ ರಬ್ಬಿಗಳು ಬೇರೆ ಧರ್ಮದವರ ಜೊತೆಗಿನ ಮದುವೆ ನಡೆಸಿಕೊಡುವುದಿಲ್ಲ. ರಿಫಾರ್ಮ್‌ನವರಲ್ಲಿ ಅದು ಆಯಾ ರಬ್ಬಿಗೆ ಬಿಟ್ಟದ್ದು. ನನ್ನ ಸಲಹೆ ಒಂದೇ: ಹೊಸದಾಗಿ ಏನನ್ನೂ ಸೇರಿಸಲು ಹೋಗಬೇಡಿ, ಅವರ ವಿಧಿಯೊಳಗೇ ಮನೆಯವರಿಗೆ ಜಾಗ ಬೇಕಾದಷ್ಟಿದೆ.

ಹುಪ್ಪಾ ತೆಗೆದುಕೊಳ್ಳಿ. ನಾಲ್ಕು ಕೋಲಿನ ಮೇಲೆ ಬಟ್ಟೆ ಕಟ್ಟಿದ ಚಪ್ಪರ, ಹೊಸ ಜೋಡಿ ಕಟ್ಟುವ ಮನೆಯ ಗುರುತು. ಬಟ್ಟೆ ಇಂಥದ್ದೇ ಆಗಬೇಕು ಅಂತಿಲ್ಲ. ಎಷ್ಟೋ ಮನೆಗಳಲ್ಲಿ ತಾತನ ಪ್ರಾರ್ಥನೆಯ ಶಾಲು, ಅಂದರೆ ಟಲ್ಲಿತ್, ಅದನ್ನೇ ಕಟ್ಟುತ್ತಾರೆ. ನನ್ನ ಮಗನ ಮದುವೆಯಲ್ಲಿ ಸೊಸೆಯ ತಾತನ ಟಲ್ಲಿತ್ ಮೇಲಿತ್ತು, ನಮ್ಮತ್ತೆಯವರ ಇಳಕಲ್ ಸೀರೆಯ ಸೆರಗು ಅದರ ಹಿಂದೆ ಇಳಿಬಿದ್ದಿತ್ತು. ಕೋಲುಗಳನ್ನು ನೆಲಕ್ಕೆ ನಿಲ್ಲಿಸದೆ ಜನರೇ ಹಿಡಿದುಕೊಳ್ಳುವುದೂ ಉಂಟು. ಎರಡನ್ನು ಅವರ ಕಡೆಯವರು, ಎರಡನ್ನು ನಮ್ಮ ಕಡೆಯವರು ಹಿಡಿಯಲಿ. ವಯಸ್ಸಾದವರಿಗೆ ಕೊಡಬೇಡಿ, ವಿಧಿ ಮುಗಿಯುವವರೆಗೂ ಕೈ ಎತ್ತಿಯೇ ಇರಬೇಕು.

ಆಮೇಲೆ ಏಳು ಆಶೀರ್ವಾದಗಳು, ಶೆವಾ ಬ್ರಾಖೋತ್. ರಬ್ಬಿ ಹೀಬ್ರೂನಲ್ಲಿ ಹೇಳಿದ ಮೇಲೆ ಅದರ ಸಾರವನ್ನು ಮನೆಯವರು ತಮ್ಮ ಭಾಷೆಯಲ್ಲಿ ಓದಲು ನಮ್ಮ ರಬ್ಬಿ ಒಪ್ಪಿದರು. ನಮ್ಮ ನಾದಿನಿ ಒಂದನ್ನು ಕನ್ನಡದಲ್ಲಿ ಓದಿದರು. ಬೀಗಿತ್ತಿ ಆಮೇಲೆ ಬಂದು ಆ ಹಾಳೆಯನ್ನು ಕೇಳಿ ಇಸ್ಕೊಂಡರು!

ಹುಪ್ಪಾ ತನಕ ಮಗಳ ಜೊತೆ ನಡೆದು ಬರುವುದು ಅಪ್ಪ ಅಮ್ಮ ಇಬ್ಬರೂ. ಅದನ್ನಂತೂ ಬಿಡಬೇಡಿ. ಆದರೆ ಮದುವೆಯ ಕರಾರುಪತ್ರ ಕೆತುಬಾಗೆ ಸಾಕ್ಷಿ ಹಾಕಿ ಅಂತ ಸೋದರಮಾವನನ್ನು ಕರೆಯಬೇಡಿ, ಸಂಪ್ರದಾಯದಂತೆ ಸಾಕ್ಷಿಗಳು ನೆಂಟರಾಗಿರಬಾರದು.

ಇನ್ನೊಬ್ಬರು: ಯಿಹುದ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ವಿಧಿ ಮುಗಿದ ಕೂಡಲೇ ಗಂಡು ಹೆಣ್ಣು ಒಂದು ಕೋಣೆಯಲ್ಲಿ ಸ್ವಲ್ಪ ಹೊತ್ತು ಇಬ್ಬರೇ ಇರುತ್ತಾರೆ. ಅಂದು ಉಪವಾಸ ಹಿಡಿದವರು ಮೊದಲ ತುತ್ತು ತಿನ್ನುವುದು ಅಲ್ಲೇ. ನಾನು ತಂಗಿಗಾಗಿ ಚಿತ್ರಾನ್ನ, ಕೋಸಂಬರಿ ಇಟ್ಟಿದ್ದೆ. ಕೋಷರ್ ಹಾಲ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವ ಹಾಲ್ ಆದರೆ ಮನೆಯ ಅಡುಗೆ ಒಳಗೆ ಬಿಡುವುದಿಲ್ಲ, ವಿಚಾರಿಸಿ. ಫೋಟೋದವರನ್ನೂ, ಚಿಕ್ಕಮ್ಮಂದಿರನ್ನೂ ಬಾಗಿಲಿಂದ ದೂರ ಇಡಿ.

ಮುಂಬೈಯಿಂದ: ಇಲ್ಲಿನ ಬೆನೆ ಇಸ್ರೇಲ್ ಯಹೂದಿಗಳು ಕೊಂಕಣ ಕರಾವಳಿಯ ಮೂಲದವರು. ಮದುವೆಗೆ ಮುಂಚೆ ಮೆಹಂದಿ ಇರುತ್ತದೆ. ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಮಲೀದಾ ಮಾಡುತ್ತಾರೆ, ಅವಲಕ್ಕಿ, ತೆಂಗಿನತುರಿ, ಸಿಹಿ, ಹಣ್ಣು. ಮದುಮಗಳು ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಒಳಗೆ ಬರುವಾಗ ಮದುಮಗ ತಾನೇ ಹಾಡುತ್ತಾನೆ. ಹುಡುಗನ ಮನೆಯವರು ಒಪ್ಪಿದರೆ ಹಿಂದಿನ ಸಂಜೆ ಮೆಹಂದಿಗೆ ಎರಡೂ ಕಡೆಯವರನ್ನು ಕೂರಿಸಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಾಜು ಒಡೆಯುತ್ತಾರಂತೆ, ನಮ್ಮಮ್ಮ ಅಪಶಕುನ ಅಂತ ಗಾಬರಿಯಾಗಿದ್ದಾರೆ.

ಉತ್ತರ: ಅಮ್ಮನಿಗೆ ಈಗಲೇ ವಿವರಿಸಿ, ಅಂದು ಮಂಟಪದಲ್ಲಿ ಹೇಳುವುದಕ್ಕೆ ಆಗುವುದಿಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದರು. ಸಂತೋಷದ ದಿನವೂ ಅದನ್ನು ಮರೆಯಬಾರದು ಅಂತ ಬಟ್ಟೆಯಲ್ಲಿ ಸುತ್ತಿದ ಗ್ಲಾಸನ್ನು ಮದುಮಗ ಕಾಲಲ್ಲಿ ಒಡೆಯುತ್ತಾನೆ. ಸದ್ದು ಕೇಳಿದ ತಕ್ಷಣ ಎಲ್ಲರೂ ಮಜಲ್ ತೋವ್, ಅಂದರೆ ಶುಭಾಶಯ, ಅಂತ ಕೂಗುತ್ತಾರೆ, ಅಮ್ಮನಿಗೂ ಕಲಿಸಿಬಿಡಿ. ಅಂದಹಾಗೆ, ಇವಳೇ ಕೊನೆಯ ಮಗಳಾ? ಕೊನೆಯ ಮಗುವಿನ ಮದುವೆಯಾದರೆ ಪೂರ್ವ ಯುರೋಪ್ ಮೂಲದವರಲ್ಲಿ ಮೆಜಿಂಕೆ ಅನ್ನುವ ಕುಣಿತ ಇದೆ. ತಂದೆತಾಯಿಯನ್ನು ನಡುವೆ ಕೂರಿಸಿ, ಅಮ್ಮನ ತಲೆಗೆ ಹೂವಿನ ಕಿರೀಟ ಇಟ್ಟು, ಎಲ್ಲರೂ ಸುತ್ತ ಕುಣಿಯುತ್ತಾರೆ.

ಪ್ರಶ್ನೆ ಕೇಳಿದವರು: ಹೌದು, ಕೊನೆಯವಳೇ!

ಉತ್ತರ: ಹಾಗಾದರೆ ಬ್ಯಾಂಡಿನವರಿಗೆ ಈಗಲೇ ಹೇಳಿಡಿ. ಹೂವಿಗೆ ಮಲ್ಲಿಗೆ ಸಿಕ್ಕರೆ ನೋಡಿ.